ಬಡಿತ ಇದೆ ಎಂಬ ಕಾರಣಕ್ಕೆ

ನಾನು ಗದಗಿನ ಆಸ್ಪತ್ರೆಯೊಂದರ ಹೆರಿಗೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಾಗ, 2024ರ ಆರಂಭದ ಒಂದು ಮಧ್ಯಾಹ್ನ, ರೋಣದ ಕಡೆಯ ಹಳ್ಳಿಯೊಂದರಿಂದ ಇಪ್ಪತ್ತು ದಾಟಿದ ಹೆಣ್ಣುಮಗಳೊಬ್ಬಳನ್ನು ಆಕೆಯ ಅತ್ತೆ ಕರೆತಂದರು. 17 ವಾರದ ಬಸಿರು. ಹಿಂದಿನ ದಿನವೇ ನೀರು ಹೋಗಿತ್ತು. ಮೊದಲು ತೋರಿಸಿದ ಖಾಸಗಿ ನರ್ಸಿಂಗ್ ಹೋಮಿನ ಚೀಟಿಯಲ್ಲಿ ಗರ್ಭಜಲ ಇಲ್ಲ, ಭ್ರೂಣದ ಹೃದಯ ಬಡಿತ ಇದೆ, ದೊಡ್ಡ ಆಸ್ಪತ್ರೆಗೆ ಹೋಗಬೇಕು ಎಂದಷ್ಟೇ ಬರೆದಿತ್ತು. ತಾಯಿಯ ನಾಡಿ ಎಷ್ಟು, ಜ್ವರ ಎಷ್ಟು ಎಂಬುದರ ಉಲ್ಲೇಖವೇ ಇರಲಿಲ್ಲ. ನಾವು ನೋಡಿದಾಗ ಜ್ವರ 102 ಡಿಗ್ರಿ ಇತ್ತು, ನಾಡಿ 120 ದಾಟಿತ್ತು, ಹೊಟ್ಟೆ ಮುಟ್ಟಿದರೆ ಹುಡುಗಿ ಚೀರುತ್ತಿದ್ದಳು.

ಇದರ ಅರ್ಥ ಪ್ರಸೂತಿ ವಿಭಾಗದಲ್ಲಿ ಕೆಲಸ ಮಾಡಿದ ಯಾರಿಗಾದರೂ ಗೊತ್ತು. ಗರ್ಭಚೀಲ ಒಡೆದ ಮೇಲೆ ಕೆಳಗಿನಿಂದ ಸೋಂಕು ಮೇಲೇರುತ್ತದೆ. ಸೋಂಕು ತಗುಲಿದ ಗರ್ಭವನ್ನು ಒಳಗೇ ಉಳಿಸಿಕೊಂಡು ಬರೀ ಆ್ಯಂಟಿಬಯಾಟಿಕ್ ಕೊಡುತ್ತ ಹೋದರೆ ನಂಜು ರಕ್ತಕ್ಕೆ ಸೇರುವುದನ್ನು ತಡೆಯುವುದು ಕಷ್ಟ. 17 ವಾರದ ಭ್ರೂಣ ಹೊರಗೆ ಬದುಕಲಾರದು. ಕಾಯುವುದರಿಂದ ಅದಕ್ಕೆ ಸಿಗುವುದು ಏನೂ ಇಲ್ಲ, ತಾಯಿ ಕಳೆದುಕೊಳ್ಳುವುದು ಬಹಳ.

ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, “ಬಾಯಾರ, ಕೂಸಿಂದು ಜೀವ ಐತಿ ಅಂತ ಅವರ ಹೇಳ್ಯಾರ್ರಿ. ಜೀವ ಇದ್ದದ್ದನ್ನ ತಗಸಿದ್ರ ಪಾಪ ಬರೂದಿಲ್ಲೇನ್ರಿ?” ಎಂದು ಕೇಳಿದರು. ಆ ಪ್ರಶ್ನೆಯನ್ನು ನಾನು ಹಗುರಾಗಿ ತೆಗೆದುಕೊಳ್ಳಲಿಲ್ಲ. ಆದರೆ ಉತ್ತರವನ್ನು ಸೊಸೆಯ ಮಂಚದ ಬಳಿ ಹೋಗಿ, ಆಕೆಗೇ ಹೇಳಿದೆ. “ತಂಗಿ, ಕೂಸು ಉಳಿಯೂದಿಲ್ಲ. ಹಿಂಗ ಬಿಟ್ರ ನಿನ್ನ ಜೀವಕ್ಕೂ ಧೋಕಾ ಐತಿ. ಏನು ಮಾಡಬೇಕು ಅನ್ನೂದನ್ನ ನೀನ ಹೇಳಬೇಕು.” ಆಕೆ ಕೇಳಿದ್ದು ಒಂದೇ: “ಮುಂದ ನನಗ ಮಕ್ಕಳಾಗ್ತಾವೇನ್ರಿ?” ಸೋಂಕು ಹರಡುವ ಮೊದಲೇ ಮುಗಿಸಿದರೆ ಆಗುವ ಸಾಧ್ಯತೆ ಚೆನ್ನಾಗಿದೆ ಎಂದೆ. ಆಕೆ ಸಹಿ ಮಾಡಿದಳು.

ಆಗ ನಮ್ಮ ಸಿಸ್ಟರ್ ತಡೆದರು. ಗಂಡ ಗೋವಾದಲ್ಲಿ ದುಡಿಯಲು ಹೋಗಿದ್ದಾನೆ, ಅವನ ಸಹಿ ಇಲ್ಲದೆ ಹೇಗೆ, ನಾಳೆ ಬಂದು ಗದ್ದಲ ಮಾಡಿದರೆ ಎಂಬುದು ಅವರ ಅಳುಕು. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಕೇಳುವುದು 18 ತುಂಬಿದ ಹೆಣ್ಣಿನ ಒಪ್ಪಿಗೆಯನ್ನು ಮಾತ್ರ. ಗಂಡನ ಸಹಿಗೆ ಅದರಲ್ಲಿ ಜಾಗವೇ ಇಲ್ಲ. ಆದರೂ ಎಷ್ಟೋ ಆಸ್ಪತ್ರೆಗಳಲ್ಲಿ ಆ ಸಹಿಗಾಗಿ ಗಂಟೆಗಟ್ಟಲೆ ಕಾಯಿಸುತ್ತಾರೆ, ಕಾನೂನಿನ ಹೆಸರು ಹೇಳಿಯೇ ಕಾಯಿಸುತ್ತಾರೆ.

ಹೆರಿಗೆಯ ಔಷಧ ಹಾಕಿ ಕಾಯುತ್ತಿದ್ದಾಗ ನೆನಪಾದವರು ಬೆಳಗಾವಿಯ ಸವಿತಾ ಹಾಲಪ್ಪನವರ. ದಂತವೈದ್ಯೆಯಾಗಿದ್ದ ಅವರು 2012ರ ಅಕ್ಟೋಬರ್ 21ರಂದು ಐರ್ಲೆಂಡಿನ ಗಾಲ್ವೇಯ ಆಸ್ಪತ್ರೆಗೆ ಸೇರಿದಾಗ ಅವರಿಗೂ 17 ವಾರವಾಗಿತ್ತು. ಗರ್ಭ ನಿಲ್ಲುವುದಿಲ್ಲ ಎಂದು ತಿಳಿದ ಮೇಲೆ ಅವರೇ ಗರ್ಭಪಾತ ಮಾಡಿರೆಂದು ಕೇಳಿಕೊಂಡರೂ, ಬಡಿತ ಇದೆ ಎಂಬ ಕಾರಣಕ್ಕೆ ವೈದ್ಯರು ಒಪ್ಪಲಿಲ್ಲ. 28ರಂದು ನಂಜಿನಿಂದ ಅವರು ತೀರಿಕೊಂಡರು. 1983ರಲ್ಲಿ ಸಂವಿಧಾನಕ್ಕೆ ಮಾಡಿದ ಎಂಟನೆಯ ತಿದ್ದುಪಡಿಯಿಂದಾಗಿ ಆ ದೇಶದಲ್ಲಿ ಗರ್ಭಪಾತ ಮಾಡಲು ತಾಯಿಯ ಆರೋಗ್ಯಕ್ಕೆ ಅಪಾಯವಿದ್ದರೆ ಸಾಲದು, ಜೀವಕ್ಕೇ ಅಪಾಯವಿರಬೇಕಿತ್ತು. ಎಂದರೆ ಚಿಕಿತ್ಸೆಗೆ ಅರ್ಹಳಾಗಲು ರೋಗಿ ಇನ್ನಷ್ಟು ಹದಗೆಡಬೇಕು. 2018ರ ಮೇ 25ರ ಜನಮತದಲ್ಲಿ ಆ ತಿದ್ದುಪಡಿ ಬಿದ್ದುಹೋಯಿತು. ಆ ವೈದ್ಯರ ಮೇಲೆ ಕಾನೂನಿನ ಕತ್ತಿಯಾದರೂ ತೂಗುತ್ತಿತ್ತು, ನಮ್ಮಲ್ಲಿ ಹಾಗಿಲ್ಲ. ನಮ್ಮ ಕಾಯ್ದೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕೆನ್ನುತ್ತದೆ, ತಾಯಿಯ ದೈಹಿಕ ಅಥವಾ ಮಾನಸಿಕ ಆರೋಗ್ಯಕ್ಕೆ ತೀವ್ರ ಹಾನಿಯಾಗುವಂತಿದ್ದರೂ ಒಪ್ಪುತ್ತದೆ. ಜೀವ ಉಳಿಸಲು ತಕ್ಷಣವೇ ಬೇಕಾದಾಗ ಐದನೆಯ ಕಲಮು ವಾರಗಳ ಮಿತಿಯನ್ನೂ, ಮಾನ್ಯತೆ ಪಡೆದ ಜಾಗವೇ ಆಗಬೇಕೆಂಬ ನಿಯಮವನ್ನೂ ಬದಿಗಿಡುತ್ತದೆ.

ರಾತ್ರಿಯೊಳಗೆ ಗರ್ಭ ಹೊರಬಂತು, ಬೆಳಗಿನ ಹೊತ್ತಿಗೆ ಜ್ವರ ಇಳಿಯತೊಡಗಿತ್ತು. ಚೀಟಿ ಬರೆದ ವೈದ್ಯರಿಗೆ ಫೋನ್ ಮಾಡಿದೆ. ತಮಗೆ 12 ವಾರದವರೆಗಿನ ಗರ್ಭಪಾತಕ್ಕೆ ಮಾತ್ರ ಮಾನ್ಯತೆ ಇದೆ ಎಂದರು. ಐದನೆಯ ಕಲಮಿನ ಮಾತು ತೆಗೆದೆ. “ಅದು ನನಗೂ ಗೊತ್ತಿದೆ ಮೇಡಂ. ತಪಾಸಣೆಗೆ ಬರುವವರಿಗೂ ಗೊತ್ತಿರಬೇಕಲ್ಲ?” ಎಂದರು. 2023ರ ಕೊನೆಗೆ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನ್ ಮಾಡಿ ಹೆಣ್ಣುಭ್ರೂಣ ಪತ್ತೆ ಹಚ್ಚುತ್ತಿದ್ದ ಜಾಲ ಬಯಲಾದ ಮೇಲೆ, ಮೂರು ತಿಂಗಳು ಕಳೆದ ಗರ್ಭಪಾತವೆಂದರೆ ಲಿಂಗಪತ್ತೆಯ ಗುಮಾನಿ ಎಂಬ ಭಯ ಅವರನ್ನು ಹಿಡಿದಿತ್ತು. ಲಿಂಗಪತ್ತೆಯನ್ನು ತಡೆಯುವ 1994ರ ಕಾಯ್ದೆಯೇ ಬೇರೆ, ಗರ್ಭಪಾತದ ಕಾಯ್ದೆಯೇ ಬೇರೆ. ಆ ಜಾಲವನ್ನು ಹಿಡಿದದ್ದು ಸರಿಯಾದ ಕೆಲಸವೇ. ಆದರೆ ಎರಡು ಕಾಯ್ದೆಗಳನ್ನು ಕಲಸಿಕೊಂಡ ಭಯದ ಬೆಲೆಯನ್ನು ತೆರುವವಳು ರೋಣದ ಬಸ್ಸಿನಲ್ಲಿ ಜ್ವರದಲ್ಲಿ ಕುಳಿತು ಬಂದವಳು. ಸಹೋದ್ಯೋಗಿಯ ಭಯವನ್ನು ನಾನು ಸುಳ್ಳೆನ್ನಲಾರೆ. ಆದರೂ ಮೊದಲ ಡೋಸ್ ಆ್ಯಂಟಿಬಯಾಟಿಕ್ ಕೊಟ್ಟು, ಸಲೈನ್ ಹಚ್ಚಿ, ಆ್ಯಂಬುಲೆನ್ಸಿನಲ್ಲಿ ಕಳಿಸುವುದಕ್ಕೆ ಯಾವ ಮಾನ್ಯತೆಯೂ ಬೇಕಿರಲಿಲ್ಲ. ಅದನ್ನು ಅವರಿಗೆ ಹೇಳಿಯೇ ಫೋನ್ ಇಟ್ಟೆ.

ಬಿಡುಗಡೆಯ ದಿನ ಗಂಡ ಗೋವಾದಿಂದ ಬಂದಿದ್ದ. ಗದ್ದಲ ಮಾಡಲಿಲ್ಲ. “ಕಾರ್ಡಿನ್ಯಾಗ ತಗಸೇವಿ ಅಂತ ಬರಿಬ್ಯಾಡ್ರಿ ಮೇಡಂ. ಹೆಣ್ಣಿತ್ತು ಅಂತ ತಗಸ್ಯಾರ ಅಂತಾರ ಊರಾಗ” ಎಂದ. ಬರೆಯದೆ ಇರಲು ಆಗುವುದಿಲ್ಲ ಎಂದೆ. ಮುಂದಿನ ಬಸಿರಿನಲ್ಲಿ 16ನೆಯ ವಾರದಿಂದಲೇ ಗರ್ಭಕಂಠದ ಉದ್ದವನ್ನು ಸ್ಕ್ಯಾನಿನಲ್ಲಿ ನೋಡುತ್ತಿರಬೇಕು. ಆಗ ನೋಡುವ ವೈದ್ಯರಿಗೆ ಇದು ತಿಳಿಯದಿದ್ದರೆ ಮತ್ತೆ ಇದೇ ಆಗಬಹುದು. ನಮ್ಮ ಕಡೆಯಿಂದ ಹೆಸರು ಹೊರಗೆ ಹೋಗುವುದಿಲ್ಲ, ಹೋದರೆ ಒಂದು ವರ್ಷದವರೆಗೆ ಜೈಲು ಎಂದು 2021ರ ತಿದ್ದುಪಡಿಯೇ ಹೇಳುತ್ತದೆ ಎಂಬುದನ್ನೂ ವಿವರಿಸಿ, ನೀರು ಹೋದದ್ದು, ಸೋಂಕಾದದ್ದು, ಜೀವ ಉಳಿಸಲು ಗರ್ಭ ತೆಗೆದದ್ದು ಎಲ್ಲವನ್ನೂ ಬರೆದು ಕಾರ್ಡನ್ನು ಆಕೆಯ ಕೈಗೇ ಕೊಟ್ಟೆ. ಯಾರಿಗೆ ತೋರಿಸಬೇಕು, ಯಾರಿಗೆ ಬೇಡ ಎಂಬುದನ್ನು ಆಕೆಯೇ ನಿರ್ಧರಿಸಲಿ ಎಂದೆ. ಮುಂದಿನ ಸಲ ಎಷ್ಟನೆಯ ತಿಂಗಳಲ್ಲಿ ಬರಬೇಕೆಂದು ಕೇಳಿದಳು. ಮುಟ್ಟು ತಪ್ಪಿದ ಕೂಡಲೇ ಬಾ ಎಂದೆ.