707 ಮತ್ತು ನನ್ನ ಒಂಬತ್ತನೇ ಸ್ಲೈಡ್

ನಮ್ಮ ಆಫೀಸಿನಲ್ಲಿ 707 ಅನ್ನೋ ನಂಬರ್ ಎಲ್ಲಾದರೂ ಬಂದರೆ ಸಾಕು, ಹಳಬರೆಲ್ಲ ಒಂದು ಸಲ ನನ್ನ ಕಡೆ ನೋಡುತ್ತಾರೆ. ಬಿಲ್ಲಿನಲ್ಲಿ ಬಂದರೂ ಅಷ್ಟೇ, ಹೋಟೆಲ್ ರೂಮಿನ ಬಾಗಿಲ ಮೇಲೆ ಬಂದರೂ ಅಷ್ಟೇ. ಹೊಸದಾಗಿ ಸೇರಿದವರು ಯಾಕೆ ಅಂತ ಕೇಳುತ್ತಾರೆ. ಯಾರಾದರೂ ಉಪ್ಪು ಖಾರ ಹಚ್ಚಿ ಹೇಳುತ್ತಾರೆ. ಅದಕ್ಕೇ ನಾನೇ ಬರೆದುಬಿಡೋಣ ಅನ್ನಿಸಿತು.

ನಾನಿರೋದು ಡೆಟ್ರಾಯಿಟ್ ಪಕ್ಕದಲ್ಲಿ. ಕಾರು ಕಂಪನಿಗಳಿಗೆ ಇಂಟರ್‌ಕೂಲರ್ (ಎಂಜಿನ್‌ಗೆ ಹೋಗೋ ಗಾಳಿ ತಣಿಸೋ ಕೂಲರ್), ರೇಡಿಯೇಟರ್ ಮಾಡಿಕೊಡೋ ಒಂದು ಸಪ್ಲೈಯರ್. ಅಲ್ಲಿ ಬೆಂಚ್‌ಮಾರ್ಕಿಂಗ್ ಗುಂಪು ನಮ್ಮದು. ಎದುರಾಳಿಯ ಕಾರು ತರಿಸು, ಬಿಚ್ಚು, ತೂಕ ಹಾಕು, ಫೋಟೋ ತೆಗಿ, ಸ್ಲೈಡ್ ಡೆಕ್ ಮಾಡು. ಇದು ಅರ್ಧ ಕೆಲಸ. ಇನ್ನರ್ಧ, ಇನ್ನೂ ಹುಟ್ಟದ ಕಾರಿನ ಜಾತಕ ಬರೆಯೋದು. ಮುಂದಿನ ಫೋರ್ಡ್ ಮಸ್ಟಾಂಗ್‌ಗೆ ಎಷ್ಟು ಪವರ್, ಮುಂದಿನ ಶೆವರ್ಲೆ ಕಮಾರೋಗೆ ಸೂಪರ್‌ಚಾರ್ಜರ್ (ಎಂಜಿನ್‌ಗೆ ಗಾಳಿ ತುರುಕೋ ಪಂಪು) ಯಾವುದು, ಡಾಡ್ಜ್ ಚಾಲೆಂಜರ್‌ನವರು ಏನು ಹುನ್ನಾರ ಮಾಡಿದ್ದಾರೆ. ಜನ ಬಿಡುವಿನ ವೇಳೆಯಲ್ಲಿ ಸುಮ್ನೆ ಹರಟೆ ಹೊಡೆಯೋ ವಿಷಯಕ್ಕೆ ನಮಗೆ ಸಂಬಳ ಕೊಡುತ್ತಾರೆ.

ಒಂದೇ ಕಟ್ಟಡದಲ್ಲಿ ಬೇರೆ ಬೇರೆ ಕಂಪನಿಗಳ ಪ್ರೋಗ್ರಾಂ ನಡೆಯುತ್ತವೆ. ನನ್ನ ಬ್ಯಾಡ್ಜ್‌ಗೆ ನಮ್ಮ ಗ್ರಾಹಕರ ಬಾಗಿಲು ಮಾತ್ರ ತೆರೆಯುತ್ತದೆ. ಪಕ್ಕದ ಬಾಗಿಲ ಹಿಂದೆ ಸರಿಯಾದ ಉತ್ತರವೇ ಇರಬಹುದು. ಕೇಳುವಂತಿಲ್ಲ. ಕಾಫಿ ಮಿಷನ್ ಹತ್ತಿರ ಆ ಕಡೆಯವರು ಸಿಕ್ಕರೆ ಹವಾಮಾನದ ಬಗ್ಗೆ ಮಾತಾಡುತ್ತೇವೆ. ಹಾಗಾಗಿ ನಮಗೆ ಗತಿ ಅಂದರೆ ಸ್ಪೈ ಫೋಟೋ, ಪೇಟೆಂಟ್ ಅರ್ಜಿ, ಎಮಿಷನ್ ಸರ್ಟಿಫಿಕೇಟ್, ಕಾರಿನ ಗುರುತಿನ ನಂಬರಿನ (ವಿನ್) ಪಟ್ಟಿ. ಮಿಕ್ಕಿದ್ದೆಲ್ಲ ಊಹೆ.

2014ರ ಬೇಸಿಗೆ. ನಮ್ಮ ಗ್ರಾಹಕರು ಮುಂದಿನ ಸೂಪರ್‌ಚಾರ್ಜ್ಡ್ ವಿ8 (ಎಂಟು ಸಿಲಿಂಡರ್) ಎಂಜಿನ್‌ಗೆ ಕೂಲರ್ ದರ ಕೇಳಿ ಆರ್‌ಎಫ್‌ಕ್ಯೂ ಕಳಿಸಿದ್ದರು. ಅವರ ಟಾರ್ಗೆಟ್ ಇನ್ನೂ ಗಟ್ಟಿಯಾಗಿರಲಿಲ್ಲ. ಎದುರಾಳಿ ಎಲ್ಲಿ ನಿಲ್ಲುತ್ತಾನೆ ಅನ್ನೋದನ್ನು ನೋಡಿಕೊಂಡು ಅವರು ಪವರ್ ಏರಿಸುತ್ತಾರೆ, ಪವರ್ ಏರಿದರೆ ನಮ್ಮ ಕೂಲರ್ ದೊಡ್ಡದಾಗಬೇಕು. ಡಾಡ್ಜ್‌ನವರು ಮೇ ತಿಂಗಳಲ್ಲಿ ಚಾಲೆಂಜರ್ ಹೆಲ್‌ಕ್ಯಾಟ್ ತೋರಿಸಿದ್ದರು. ಪವರ್ ಎಷ್ಟು ಅಂದರೆ '600ಕ್ಕಿಂತ ಜಾಸ್ತಿ' ಅಂತ ಹೇಳಿ ಸುಮ್ಮನಾಗಿದ್ದರು. ಆ 'ಜಾಸ್ತಿ' ಎಷ್ಟು ಅಂತ ಹೇಳಬೇಕಾದವನು ನಾನು.

ನನಗೆ ಅದು ಸುಲಭದ ಲೆಕ್ಕ ಅನ್ನಿಸಿತ್ತು. ಹಿಂದಿನ ಸುತ್ತು ಕಣ್ಣಮುಂದೆಯೇ ನಡೆದಿತ್ತಲ್ಲ. 2011ರ ಫೆಬ್ರವರಿಯಲ್ಲಿ ಶಿಕಾಗೋ ಶೋನಲ್ಲಿ ಶೆವರ್ಲೆಯವರು ಕಮಾರೋ ಜೆಡ್‌ಎಲ್1 ತೋರಿಸಿ 550 ಎಚ್‌ಪಿ ಅಂದಾಜು ಅಂದರು, ಕಾರು ಬರುವಾಗ ಅದು 580 ಆಯಿತು. ಅದೇ ವರ್ಷ ನವೆಂಬರಿನಲ್ಲಿ ಫೋರ್ಡ್‌ನವರು ಶೆಲ್ಬಿ ಜಿಟಿ500 ಅನ್ನೋ ಮಸ್ಟಾಂಗ್‌ಗೆ 650 ಅಂದರು, ಕೊನೆಗೆ 662ಕ್ಕೆ ನಿಂತರು. ಎಲ್ಲರೂ ಮೊದಲು ಕಡಿಮೆ ಹೇಳಿ ಆಮೇಲೆ ಸ್ವಲ್ಪ ಏರಿಸುತ್ತಾರೆ. ಇನ್ನು ಚಾಲೆಂಜರ್‌ನಲ್ಲಿ ಅಲ್ಲಿವರೆಗೆ ಇದ್ದ ದೊಡ್ಡ ಎಂಜಿನ್ 6.4 ಲೀಟರ್, 470 ಎಚ್‌ಪಿ. 470ರಿಂದ ಎಷ್ಟು ಅಂತ ಹಾರುತ್ತಾರೆ? ಫೋರ್ಡ್‌ನ 662ರ ಆಸುಪಾಸು ಬಂದರೆ ಅದೇ ದೊಡ್ಡದು. 650 ಅಂತ ಬರೆದೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 630ರಿಂದ 680.

ಬೆಂಗಳೂರಿನಲ್ಲಿ ನಮ್ಮ ಸಿಮ್ಯುಲೇಷನ್ ಟೀಮ್ ಇದೆ. ನಮಗೆ ಬೆಳಿಗ್ಗೆ ಎಂಟು, ಅವರಿಗೆ ಸಂಜೆ ಐದೂವರೆ, ಆ ಹೊತ್ತಿಗೆ ಕಾಲ್. ಆಗಷ್ಟೇ ಸೇರಿದ್ದ ಒಬ್ಬ ಹುಡುಗಿಗೆ ಈ ಕಾರಿನ ಹೀಟ್ ಲೋಡ್ (ಎಷ್ಟು ಬಿಸಿ ತಣಿಸಬೇಕು ಅನ್ನೋ) ಲೆಕ್ಕ ಕೊಟ್ಟಿದ್ದೆ. ಒಂದು ದಿನ ಕಾಲ್‌ನಲ್ಲಿ ಎಲ್ಲರೂ ಹೋದ ಮೇಲೆ ಉಳಿದುಕೊಂಡಳು.

'ಸರ್, ಮುಂದಿನ ಫೋಟೋ ಒಂದ್ಸಲ ಜೂಮ್ ಮಾಡ್ತೀರಾ? ಡ್ರೈವರ್ ಕಡೆ ಒಳಗಿನ ದೀಪ ಇಲ್ಲ.'

ಜೂಮ್ ಮಾಡಿದೆ. ಚಾಲೆಂಜರ್‌ಗೆ ಮುಂದೆ ನಾಲ್ಕು ದುಂಡು ದೀಪ. ಅದರಲ್ಲಿ ಡ್ರೈವರ್ ಕಡೆಯ ಒಳಗಿನದರಲ್ಲಿ ಉಂಗುರ ಮಾತ್ರ ಹೊಳೆಯುತ್ತಿತ್ತು, ನಡುವೆ ಕತ್ತಲು. ತೂತು. ಗಾಳಿ ನೇರವಾಗಿ ಎಂಜಿನ್‌ನ ಏರ್‌ಬಾಕ್ಸ್‌ಗೆ ಹೋಗಲಿ ಅಂತ ದೀಪವನ್ನೇ ಕಿತ್ತಿದ್ದರು.

'ಸ್ಟೈಲಿಂಗ್ ಇರಬೇಕಮ್ಮ' ಅಂದೆ.

'ಇರಬಹುದು ಸರ್. ಆದ್ರೆ ಸೂಪರ್‌ಚಾರ್ಜರ್ 2.4 ಲೀಟರ್ ಇದೆ ಅಲ್ವಾ. 14,000 ಆರ್‌ಪಿಎಂ ಅಂತ ಹಿಡಿದೆ. ಹತ್ತನೇ ಒಂದು ಭಾಗ ಸೋರಿಕೆಗೆ ಬಿಟ್ಟೆ. ಆದ್ರೂ ನಿಮಿಷಕ್ಕೆ 30,000 ಲೀಟರ್ ಗಾಳಿ ಬರ್ತಿದೆ. ತೂಕಕ್ಕೆ ತಂದ್ರೆ 36 ಕೆಜಿ, ಅಂದ್ರೆ 79 ಪೌಂಡ್.'

ನಮ್ಮ ಲೈನಿನಲ್ಲಿ ಎಲ್ಲರಿಗೂ ಗೊತ್ತಿರೋ ಒರಟು ಲೆಕ್ಕ ಒಂದಿದೆ. ನಿಮಿಷಕ್ಕೆ ಒಂದು ಪೌಂಡ್ ಗಾಳಿ ಕುಡಿದರೆ ಎಂಜಿನ್ ಸುಮಾರು ಹತ್ತು ಎಚ್‌ಪಿ ಕೊಡುತ್ತದೆ. 79ಕ್ಕೆ 790. ಸೂಪರ್‌ಚಾರ್ಜರ್ ತಿರುಗಿಸೋದಕ್ಕೇ ಒಂದು 80 ಹೋಗುತ್ತದೆ. ಅವಳ ಎಕ್ಸೆಲ್‌ನ ಕೊನೆಯ ಸೆಲ್‌ನಲ್ಲಿ 710 ಅಂತ ಇತ್ತು.

'ಅಷ್ಟು ಯಾರು ಕೊಡ್ತಾರಮ್ಮ? ಶೋರೂಂನಲ್ಲಿ ಮಾರೋ ಕಾರು. ವಾರಂಟಿ ಕೊಡಬೇಕಲ್ವಾ?' ಅಂದೆ.

'ಅದು ನನಗೆ ಗೊತ್ತಿಲ್ಲ ಸರ್. ಗಾಳಿ ಲೆಕ್ಕ ಇಷ್ಟು ಬರ್ತಿದೆ.'

ಅವಳ ಶೀಟನ್ನು ಬ್ಯಾಕಪ್ ಸ್ಲೈಡಿಗೆ ಹಾಕಿದೆ. ಆಮೇಲೆ ಡೆಕ್ ಉದ್ದ ಆಯಿತು ಅಂತ ಮ್ಯಾನೇಜರ್ ಗೊಣಗಿದಾಗ ಬ್ಯಾಕಪ್‌ನಿಂದಲೂ ತೆಗೆದೆ. ಅವನು ಆ ಸ್ಲೈಡ್ ತೆಗಿ ಅಂದಿರಲಿಲ್ಲ. ಡೆಕ್ ಚಿಕ್ಕದು ಮಾಡು ಅಂದಿದ್ದ, ಅಷ್ಟೇ.

ಜುಲೈ ಮೊದಲ ವಾರ. ಗ್ರಾಹಕರ ಆಫೀಸಿನಲ್ಲೇ ರಿವ್ಯೂ. ಅವರ ಥರ್ಮಲ್ ಲೀಡ್ (ಕೂಲಿಂಗ್ ನೋಡಿಕೊಳ್ಳೋನು), ಪರ್ಚೇಸಿಂಗ್‌ನವನು, ಜೊತೆಗೆ ಹೆಸರೇ ಹೇಳದೆ ಬಂದು ಕೂತ ಇನ್ನಿಬ್ಬರು. ನನ್ನದು ಒಂಬತ್ತನೇ ಸ್ಲೈಡ್. ಎದುರಾಳಿಯ ಅಂದಾಜು ಪವರ್ 650, ಅದಕ್ಕೆ ತಕ್ಕ ಕೂಲರ್ ಕೋರ್ ಸೈಜ್, ಮೇಲೆ ಐದು ಪರ್ಸೆಂಟ್ ಮಾರ್ಜಿನ್. ಮಾತು ಚೆನ್ನಾಗಿಯೇ ಹೋಗುತ್ತಿತ್ತು. ಜೆಡ್‌ಎಲ್1 ಕಥೆ ಹೇಳಿ, ಜಿಟಿ500 ಕಥೆ ಹೇಳಿ, 'ಈ ಲೆಕ್ಕದಲ್ಲಿ' ಅಂತ ಶುರು ಮಾಡಿದ್ದೆ. ಮೇಜಿನ ಮೇಲೆ ಒಂದು ಫೋನ್ ಗುರ್ ಅಂತು. ಹಿಂದೆಯೇ ಇನ್ನೊಂದು. ಆಮೇಲೆ ನನ್ನ ಜೇಬಿನಲ್ಲಿದ್ದದ್ದು.

ಥರ್ಮಲ್ ಲೀಡ್ ಫೋನ್ ನೋಡಿದ. ನನ್ನ ಸ್ಲೈಡ್ ನೋಡಿದ. ಮತ್ತೆ ಫೋನ್ ನೋಡಿದ. ಏನೂ ಅನ್ನದೆ ಅದನ್ನು ಪಕ್ಕದವನ ಕಡೆ ತಳ್ಳಿದ. ಪಕ್ಕದವನು ನಕ್ಕ. ನಾನು ಇನ್ನೂ ಮಾತಾಡುತ್ತಲೇ ಇದ್ದೆ. ಯಾರೂ ಕೇಳುತ್ತಿಲ್ಲ ಅಂತ ಗೊತ್ತಾದರೂ ನಿಲ್ಲಿಸೋದು ಹೇಗೆ ಅಂತ ಗೊತ್ತಾಗಲಿಲ್ಲ.

'707' ಅಂದ ಥರ್ಮಲ್ ಲೀಡ್. 'ಡಾಡ್ಜ್‌ನವರು ಈಗ ತಾನೇ ಹೇಳಿದ್ದಾರೆ.'

ಆ ಹೊತ್ತಿನಲ್ಲಿ 'ಸರಿ, ನನ್ನ ಅಂದಾಜು ತಪ್ಪು, ಕೋರ್ ಮತ್ತೆ ಲೆಕ್ಕ ಹಾಕಿ ತರುತ್ತೇನೆ' ಅಂದಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. 'ರೇಸ್ ಫ್ಯುಯೆಲ್‌ನಲ್ಲಿ ಅಳೆದಿರಬೇಕು' ಅಂದೆ. ಅವನು ಫೋನಿನಲ್ಲಿ ಕೆಳಗೆ ಉಜ್ಜುತ್ತಾ ಹೋದ. ಬಂಕಿನಲ್ಲಿ ಸಿಗೋ 91 ಆಕ್ಟೇನ್ ಪೆಟ್ರೋಲ್ ಸಾಕಂತೆ ಅಂದ. ನಾನು ಬಿಡಲಿಲ್ಲ. ಪೂರ್ತಿ ಪವರ್ ಎಷ್ಟು ಹೊತ್ತು ಕೊಡುತ್ತದೋ ನೋಡಬೇಕು, ಬಿಸಿ ಏರಿದರೆ ಇಳಿಸಿಬಿಡುತ್ತಾರೆ ಅಂತೆಲ್ಲ ಶುರು ಮಾಡಿದೆ. ನಮ್ಮ ಮ್ಯಾನೇಜರ್ ಕುರ್ಚಿ ಹಿಂದಕ್ಕೆ ಸರಿಸಿ ಚಾವಣಿ ನೋಡುತ್ತಿದ್ದ.

ಆ ಕಾರಿಗೆ ಎರಡು ಕೀ ಕೊಡುತ್ತಿದ್ದರು. ಕಪ್ಪು ಕೀ ಹಾಕಿದರೆ ಎಂಜಿನ್ 500 ಎಚ್‌ಪಿಗೆ ನಿಲ್ಲುತ್ತದೆ, ಕೆಂಪು ಕೀ ಹಾಕಿದರೆ ಪೂರ್ತಿ 707. ಹೆಸರು ಹೇಳದೆ ಕೂತಿದ್ದವನೊಬ್ಬ ಆಗ ಮೊದಲ ಸಲ ಬಾಯಿ ಬಿಟ್ಟ. 'ನಿಮ್ಮ 650ಗೆ ಯಾವ ಬಣ್ಣದ ಕೀ?' ಅಂದ. ರೂಮೆಲ್ಲ ನಗು. ನಾನೂ ನಕ್ಕೆ. ಬೇರೆ ದಾರಿ ಇರಲಿಲ್ಲ.

650ಗೆ ಐದು ಪರ್ಸೆಂಟ್ ಮಾರ್ಜಿನ್ ಸೇರಿಸಿದರೂ 707 ಮುಟ್ಟುವುದಿಲ್ಲ. ನಮ್ಮ ಕೊಟೇಷನ್ ಆ ಮೇಜಿನ ಮೇಲೇ ಹಳೆಯದಾಯಿತು. ಜುಲೈ 4ರ ರಜೆಗೆ ಲೇಕ್ ಕಡೆ ಹೋಗೋ ಪ್ಲಾನ್ ಇತ್ತು. ಅದು ಅಲ್ಲಿಗೇ ಹೋಯಿತು. ಬೆಂಗಳೂರಿನ ಟೀಮ್ ಶನಿವಾರ, ಭಾನುವಾರ ಕೂತು ಕೋರ್ ದಪ್ಪ ಮಾಡಿ ಮತ್ತೆ ಓಡಿಸಿಕೊಟ್ಟರು. ಆ ಹುಡುಗಿ 'ನಾನು ಹೇಳಿದ್ನಲ್ಲ ಸರ್' ಅನ್ನಲಿಲ್ಲ. ಅಂದುಬಿಟ್ಟಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹೆಲ್‌ಕ್ಯಾಟ್‌ನ ಪೂರ್ತಿ ಮಾಹಿತಿ ಕೈಗೆ ಬಂದಾಗ ಓದಿದೆ: ಸೂಪರ್‌ಚಾರ್ಜರ್ 14,600 ಆರ್‌ಪಿಎಂವರೆಗೆ ತಿರುಗುತ್ತದೆ, ನಿಮಿಷಕ್ಕೆ 30,000 ಲೀಟರ್ ಗಾಳಿ, ಕೂಲರ್ ದಾಟಿದ ಗಾಳಿ 60 ಡಿಗ್ರಿ ಮೀರೋದಿಲ್ಲ. ಅವಳ ಶೀಟಿನ ಮಧ್ಯದ ಸಾಲು ಹಾಗೇ ಅಲ್ಲಿತ್ತು.

ಮ್ಯಾನೇಜ್‌ಮೆಂಟ್ ಅಂದಮೇಲೆ ಏನಾದರೂ ಒಂದು ಕ್ರಮ ತಗೊಳ್ಳಲೇಬೇಕಲ್ಲ. ಹೊಸ ಟೆಂಪ್ಲೇಟ್ ಬಂತು. ಪ್ರತಿ ಊಹೆಗೂ 'ಕಾನ್ಫಿಡೆನ್ಸ್ ಲೆವೆಲ್' ಪರ್ಸೆಂಟಿನಲ್ಲಿ ಬರೆಯಬೇಕು. ಪರ್ಸೆಂಟ್ ಎಲ್ಲಿಂದ ತರೋದು ಅಂತ ಯಾರೂ ಹೇಳಲಿಲ್ಲ. ಎಲ್ಲರೂ 80 ಅಂತ ಬರೆಯುತ್ತೇವೆ. 90 ಅಂದರೆ ಪ್ರಶ್ನೆ ಕೇಳುತ್ತಾರೆ, 70 ಅಂದರೆ ಮೀಟಿಂಗ್ ಕರೆಯುತ್ತಾರೆ.

ಹಾಗೆ ನೋಡಿದರೆ ಎದುರಾಳಿ ಏನು ಮಾಡುತ್ತಾನೆ ಅಂತ ಊಹಿಸಲು ನಾನು ಇನ್ನೊಬ್ಬ ಎದುರಾಳಿಯ ನಂಬರ್ ನೋಡುತ್ತಾ ಕೂತಿದ್ದೆ. ಕಾರನ್ನೇ ನೋಡಲಿಲ್ಲ. ಈಗ ಮೊದಲು ಗೇರ್‌ಬಾಕ್ಸ್ ನೋಡುತ್ತೇನೆ. ಹೆಲ್‌ಕ್ಯಾಟ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಹೆಸರು 8ಎಚ್‌ಪಿ90. ಆ 90 ಅಂದರೆ 900 ನ್ಯೂಟನ್ ಮೀಟರ್ ವರ್ಗ. ಕಾರಿನ ಟಾರ್ಕ್ (ತಿರುಗಿಸೋ ಬಲ) 881. ಅಷ್ಟು ಭಾರ ಹೊರೋ ದುಬಾರಿ ಗೇರ್‌ಬಾಕ್ಸನ್ನು 650 ಎಚ್‌ಪಿಗೆ ಯಾರೂ ಸುಮ್ಮನೆ ಹಾಕೋದಿಲ್ಲ. ಆಮೇಲೆ ಫ್ಯುಯೆಲ್ ಲೈನ್ ದಪ್ಪ. ಆಮೇಲೆ ಮುಂಭಾಗದಲ್ಲಿ ಎಷ್ಟು ತೂತು, ಯಾವುದು ನಿಜವಾದದ್ದು, ಯಾವುದರ ಹಿಂದೆ ಪ್ಲಾಸ್ಟಿಕ್ ಮುಚ್ಚಿದೆ. ಬಾಯಲ್ಲಿ ಹೇಳೋ ನಂಬರ್ ಕೊನೆಗೆ.

ಆದರೆ ಇದೂ ಪೂರ್ತಿ ಕೈ ಹಿಡಿಯಲಿಲ್ಲ. 2017ರಲ್ಲಿ ಡಾಡ್ಜ್‌ನವರು ಚಾಲೆಂಜರ್‌ನದೇ ಡೀಮನ್ ಅನ್ನೋ ಮಾಡೆಲ್ ತರುವಾಗ ವಾರ ವಾರ ಒಂದೊಂದು ಟೀಸರ್ ಬಿಟ್ಟರು, ಅದರೊಳಗೆ ಒಗಟು ಇಟ್ಟರು. ನಮ್ಮಲ್ಲಿ ಕೆಲಸ ಬಿಟ್ಟು ಒಗಟು ಬಿಡಿಸೋದೇ ಆಯಿತು. ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಕಾರು ಬಂತು: ಬಂಕಿನ ಪೆಟ್ರೋಲ್‌ಗೆ 808, ರೇಸ್ ಫ್ಯುಯೆಲ್‌ಗೆ 840. ಬೆಂಗಳೂರಿನಿಂದ ಮೆಸೇಜ್ ಬಂತು: 'ಸರ್, ನಿಮ್ಮ ರೇಸ್ ಫ್ಯುಯೆಲ್ ಬಂತು.' ಅಷ್ಟರಲ್ಲಿ ಅವಳಿಗೆ ನನ್ನನ್ನು ಗೋಳು ಹೊಯ್ದುಕೊಳ್ಳೋ ಸಲುಗೆ ಬಂದಿತ್ತು. ಆದರೆ ಕೂಲರ್ ಮಾಡೋ ನಮಗೆ ಹೊಟ್ಟೆಗೆ ತಾಗಿದ್ದು 840 ಅಲ್ಲ. ಕ್ಯಾಬಿನ್ ತಂಪು ಮಾಡೋ ಎಸಿಯ ಗ್ಯಾಸನ್ನೇ ತಿರುಗಿಸಿ ಅವರು ಇಂಟರ್‌ಕೂಲರ್ ನೀರನ್ನು ತಣಿಸಿದ್ದರು. ನಾವೆಲ್ಲ ಪವರ್ ಎಷ್ಟು ಅಂತ ಕಚ್ಚಾಡುತ್ತಿದ್ದಾಗ, ಕೂಲಿಂಗ್ ಹೇಗೆ ಅಂತ ಒಬ್ಬನೂ ಕೇಳಿರಲಿಲ್ಲ. ನಮ್ಮ ಹೊಟ್ಟೆಪಾಡೇ ಅದು!

ಹೊಸ ಜಿಟಿ500 ಬಂದಾಗ ಮಾತ್ರ ಗುರಿಗೆ ಹತ್ತಿರ ಬಿದ್ದೆವು. 2019ರ ಜನವರಿಯಲ್ಲಿ ಫೋರ್ಡ್‌ನವರು 700ಕ್ಕಿಂತ ಜಾಸ್ತಿ ಅಂತ ಬಿಟ್ಟರು. ಹೊರಗೆ 800 ದಾಟುತ್ತದೆ ಅನ್ನೋ ಗಾಳಿಮಾತು. ಸೂಪರ್‌ಚಾರ್ಜರ್ 2.65 ಲೀಟರ್, ಏಳು ಗೇರಿನ ಡ್ಯುಯಲ್ ಕ್ಲಚ್, ಇದನ್ನೆಲ್ಲ ಇಟ್ಟುಕೊಂಡು ನಾವಿಬ್ಬರೂ 750 ಬರೆದೆವು. ಜೂನ್‌ನಲ್ಲಿ ಬಂದದ್ದು 760. ಅಭಿನಂದನೆ ಅಂತ ಒಂದು ಮೇಲ್ ಕೂಡ ಬರಲಿಲ್ಲ. ತಪ್ಪಾದರೆ ಮಾತ್ರ ಹೆಸರು ನೆನಪಿರುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ಫೋರ್ಡ್ ಅಭಿಮಾನಿ, ಶೆವಿ ಅಭಿಮಾನಿ ಅಂತ ಜನ ಇಲ್ಲಿ ಮನೆಯೊಳಗೇ ಕಿತ್ತಾಡುತ್ತಾರೆ. ಆದರೆ ಮಸ್ಟಾಂಗ್‌ನ ಹತ್ತು ಗೇರಿನ ಆಟೋಮ್ಯಾಟಿಕ್ಕನ್ನೂ ಕಮಾರೋ ಜೆಡ್‌ಎಲ್1ನ ಹತ್ತು ಗೇರಿನದನ್ನೂ ಎರಡೂ ಕಂಪನಿ ಒಟ್ಟಿಗೆ ಕೂತು ಮಾಡಿದ್ದು. ಎರಡನ್ನೂ ಬಿಚ್ಚಿ ಒಂದೇ ಬೆಂಚಿನ ಮೇಲೆ ಇಟ್ಟು ನೋಡಿದರೆ ನಗು ಬರುತ್ತದೆ. ಆಗಸ್ಟ್‌ನಲ್ಲಿ ವುಡ್‌ವರ್ಡ್ ರಸ್ತೆಯಲ್ಲಿ ಕಾರುಗಳ ಜಾತ್ರೆ ನಡೆಯುವಾಗ ಇದನ್ನು ಯಾರಿಗೂ ಹೇಳಬೇಡಿ, ಹೊಡೆದಾರು.

ಈಗ ಆಟವೇ ಬೇರೆ. 2023ರ ಡಿಸೆಂಬರಿನಲ್ಲಿ ಕಮಾರೋನೂ ನಿಂತಿತು, ಚಾಲೆಂಜರೂ ನಿಂತಿತು. ನಿಲ್ಲೋ ಮುಂಚೆ ಡೀಮನ್ 170 ಅಂತ ಒಂದು ಬಂತು, ಎಥೆನಾಲ್ ಬೆರೆತ ಇ85 ಹಾಕಿದರೆ 1,025 ಎಚ್‌ಪಿ. ಈ ಮೂರರಲ್ಲಿ ವಿ8 ಹಿಡಿದುಕೊಂಡು ನಿಂತಿರೋದು ಮಸ್ಟಾಂಗ್ ಒಂದೇ, ಅದರ ಜಿಟಿಡಿ ಮಾಡೆಲ್‌ಗೆ 815. ಡಾಡ್ಜ್‌ನ ಹೊಸ ಚಾರ್ಜರ್ ಅನ್ನೋ ಕಾರಿನಲ್ಲಿ ಮೂರು ಲೀಟರಿನ ಆರು ಸಿಲಿಂಡರ್, ಎರಡು ಟರ್ಬೊ, ಜಾಸ್ತಿ ಅಂದರೆ 550. ಅದರ ಬಾನೆಟ್ ಕೆಳಗೆ ಮತ್ತೆ ಸೂಪರ್‌ಚಾರ್ಜ್ಡ್ ವಿ8 ಕೂರುತ್ತದಾ, ಕಮಾರೋ ಮತ್ತೆ ಹುಟ್ಟುತ್ತದಾ ಅಂತ ಮಧ್ಯಾಹ್ನ ಊಟದ ಹೊತ್ತಿನಲ್ಲಿ ದಿನಾ ವಾದ.

ಬೆಂಗಳೂರಿನ ಟೀಮಿಗೆ ಈಗ ಅವಳೇ ಲೀಡ್. ಮುಂದಿನ ಸುತ್ತಿನ ಊಹೆ ಶುಕ್ರವಾರದೊಳಗೆ ಕೊಡಿ ಅಂತ ಇಬ್ಬರಿಗೂ ಮೇಲ್ ಬಂದಿದೆ. ಜೊತೆಗೆ ಕ್ಯಾಮೊಫ್ಲಾಜ್ ಸುತ್ತಿದ ಒಂದು ಕಾರಿನ ಮಸುಕು ಫೋಟೋ, ಅದೂ ಹಿಂದಿನಿಂದ ತೆಗೆದದ್ದು. ಮುಂಭಾಗದ ಫೋಟೋ ಸಿಗೋವರೆಗೆ ಯಾವ ನಂಬರೂ ಬರೆಯಲ್ಲ ಅಂತ ಅವಳು ಉತ್ತರ ಕಳಿಸಿದ್ದಾಳೆ. ನಾನು ಅದರ ಕೆಳಗೆ ನನ್ನ ಹೆಸರನ್ನೂ ಸೇರಿಸಿದೆ. ಟೆಂಪ್ಲೇಟಿನಲ್ಲಿ ಖಾಲಿ ಬಿಟ್ಟ ಸೆಲ್ ಕೆಂಪು ತೋರಿಸುತ್ತಿದೆ, ಮ್ಯಾನೇಜರ್ ಇವತ್ತು ಎರಡು ಸಲ ನನ್ನ ಮೇಜಿನ ಹತ್ತಿರ ಬಂದು ಹೋದ.