ಮೊನ್ನೆಯಿಂದ

"ಎಷ್ಟು ದಿನದಿಂದ ಹಿಂಗಾಗ್ತಿದೆ ಮೇಡಂ?"

"ಮೊನ್ನೆಯಿಂದ."

ಬೆಂಗಳೂರಿನ ಎಸ್.ಪಿ. ರೋಡಿನ ಕಿಷ್ಕಿಂಧೆಯಂಥ ಅಂಗಡಿ. ಹುಡುಗ ನನ್ನ ಲ್ಯಾಪ್‌ಟಾಪ್ ಚಾರ್ಜರಿನ ಪಿನ್ನನ್ನು ಟ್ಯೂಬ್‌ಲೈಟಿಗೆ ಹಿಡಿದು, ತಿರುಗಿಸಿ ನೋಡಿದ. "ಇಷ್ಟು ಕಪ್ಪಾಗೋಕೆ ಮೊನ್ನೆ ಸಾಲಲ್ಲ ಮೇಡಂ." ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಶನಿವಾರದಿಂದ ಆ ಮಾತು ತಲೆಯೊಳಗೆ ಸುತ್ತುತ್ತಲೇ ಇದೆ. ಅವನು ನನ್ನ ಬಾಸ್ ಅಲ್ಲ, ಗಂಡನಲ್ಲ, ಡಾಕ್ಟರೂ ಅಲ್ಲ. ಸುಳ್ಳು ಹೇಳಿ ನನಗೆ ಆಗಬೇಕಾದದ್ದೇನು?

ನಿಜ ಹೇಳಬೇಕೆಂದರೆ ಎರಡು ತಿಂಗಳು ದಾಟಿತ್ತು. ಮೊದಮೊದಲು ವೈರನ್ನು ಕೊಂಚ ಎಡಕ್ಕೆ ಬಗ್ಗಿಸಿದರೆ ಚಾರ್ಜ್ ಆಗುತ್ತಿತ್ತು. ಆಮೇಲೆ ವೈರಿನ ಕೆಳಗೆ ಮಡಚಿದ ಲಗ್ನಪತ್ರಿಕೆಯ ತುಂಡು ಬಂತು. ಅದೂ ಸಾಲದಾದಾಗ ಬಟ್ಟೆ ಒಣಹಾಕುವ ಕ್ಲಿಪ್ಪು. ಪಿನ್ ಮುಟ್ಟಿದರೆ ಬೆರಳು ತಾನಾಗಿ ಹಿಂದೆ ಸರಿಯುತ್ತಿತ್ತು. ಹಾಸನದಿಂದ ಬಂದಿರುವ ಅಮ್ಮ, ಕಾಫಿ ತಂದಾಗಲೆಲ್ಲ ಒಂದು ಕೈ ಗೋಡೆಗೆ ಕೊಟ್ಟು ನಿಂತು, "ಏನೋ ಸೀದ ವಾಸನೆ ಕಣೇ" ಅನ್ನುತ್ತಿದ್ದಳು. ನಾನು ಪಕ್ಕದ ಮನೆಯವರ ಒಗ್ಗರಣೆಯ ಮೇಲೆ ಹಾಕುತ್ತಿದ್ದೆ. ಪಾಪ, ಅವರು ಊರಲ್ಲೇ ಇರಲಿಲ್ಲ.

ಇದಕ್ಕೂ ಮೊದಲು ಗಾಜಿನ ಬಾಗಿಲಿನ ಸರ್ವಿಸ್ ಸೆಂಟರಿಗೂ ಹೋಗಿದ್ದೆ. ಟೈ ಕಟ್ಟಿದವರ ಮೇಲೆ ನನಗೆ ಮೊದಲಿಂದಲೂ ನಂಬಿಕೆ ಅಷ್ಟಕ್ಕಷ್ಟೆ. ಅಲ್ಲಿಯೂ "ಮೊನ್ನೆಯಿಂದ" ಅಂದೆ; ಆತ ಅದನ್ನೇ ಶ್ರದ್ಧೆಯಿಂದ ಟೈಪ್ ಮಾಡಿಕೊಂಡ. ಬಿಚ್ಚಿಯೂ ನೋಡದೆ "ಮದರ್‌ಬೋರ್ಡೇ ಚೇಂಜ್ ಮಾಡ್ಬೇಕಾಗುತ್ತೆ" ಅಂದ. ನನ್ನ ಸುಳ್ಳಿಗೆ ಅವನ ಸುಳ್ಳು ಸರಿಹೋಯಿತು.

ಈ ಹುಡುಗ ಮೊದಲು ತನ್ನದೇ ಇನ್ನೊಂದು ಚಾರ್ಜರ್ ಸಿಕ್ಕಿಸಿ ಹತ್ತು ನಿಮಿಷ ಬಿಟ್ಟ. ಅದರ ಪಿನ್ನೂ ಬಿಸಿಯಾಯಿತು. ಅಂದರೆ ತೊಂದರೆ ಲ್ಯಾಪ್‌ಟಾಪಿನ ಜಾಕ್‌ನಲ್ಲಿ, ಪಿನ್ ಸಿಕ್ಕಿಸುವ ತೂತಿನಲ್ಲಿ. ವೋಲ್ಟೇಜ್ ಹೆಚ್ಚುಕಮ್ಮಿ ಆಗಿರಬೇಕು ಅಂತ ನಾನೊಂದು ಪಾಂಡಿತ್ಯ ಬಿಟ್ಟೆ. "ಕರೆಂಟ್ ಜಾಸ್ತಿಯಾಗಿ ಅಲ್ಲ ಮೇಡಂ, ಹಿಡಿತ ಕಮ್ಮಿಯಾಗಿ ಸುಟ್ಟಿದೆ" ಅಂದ.

ಮನೆಗೆ ಬಂದು ಹಳೇ ಚಾರ್ಜರಿನ ಮೇಲೆ ಬರೆದದ್ದನ್ನು ಓದಿದೆ: 19.5 ವೋಲ್ಟ್, 3.34 ಆಂಪ್, 65 ವ್ಯಾಟ್. ಪಿಯುಸಿಯಲ್ಲಿ ಉರು ಹೊಡೆದ ಜೌಲನ ನಿಯಮ ನೆನಪಾಯಿತು, ಕರೆಂಟಿನ ವರ್ಗವನ್ನು ರೋಧದಿಂದ, ಅಂದರೆ ಅದರ ದಾರಿಯಲ್ಲಿನ ಅಡ್ಡಿಯಿಂದ, ಗುಣಿಸಿದರೆ ಹುಟ್ಟುವ ಶಾಖ. ಸಡಿಲವಾದ ಜಾಗದಲ್ಲಿ ಬರೀ ಅರ್ಧ ಓಮ್ ರೋಧ ಹುಟ್ಟಿಕೊಂಡರೂ ಪೂರ್ತಿ ಕರೆಂಟ್ ಹರಿಯುವಾಗ ಸುಮಾರು ಐದೂವರೆ ವ್ಯಾಟ್ ಶಾಖ, ಅದೂ ಅಕ್ಕಿಕಾಳಿನಷ್ಟು ಜಾಗದಲ್ಲಿ. ಕಾದಂತೆಲ್ಲ ಒಳಗಿನ ಸ್ಪ್ರಿಂಗ್ ಪಟ್ಟಿ ಇನ್ನಷ್ಟು ಸಡಿಲ, ಲೋಹದ ಮೇಲೆ ಕರಿ ಪದರ, ರೋಧ ಇನ್ನಷ್ಟು, ಬಿಸಿ ಮತ್ತಷ್ಟು. ನನ್ನ ಲಗ್ನಪತ್ರಿಕೆ, ಕ್ಲಿಪ್ಪು ಎಲ್ಲ ಪಿನ್ನನ್ನು ಒಂದು ಪಕ್ಕಕ್ಕೆ ಒತ್ತಿ ಹಿಡಿದು ಇದನ್ನೇ ಪೋಷಿಸಿದ್ದವು.

ಬೋರ್ಡಿಗೆ ಏನೂ ಆಗಿರಲಿಲ್ಲ. ನನ್ನ ಮಾಡೆಲಿನಲ್ಲಿ ಜಾಕ್ ಗೇಣುದ್ದದ ವೈರಿನ ತುದಿಯಲ್ಲಿದೆ, ಬೆಸುಗೆಯೇ ಬೇಡ. ಅರ್ಧ ಗಂಟೆಯಲ್ಲಿ ಬದಲಾಯಿಸಿದ. ಕಪ್ಪಾದ ಪಿನ್ ಹೊಸ ಜಾಕನ್ನೂ ಸುಡುತ್ತದೆ ಅಂತ ಚಾರ್ಜರನ್ನೂ ಬದಲಾಯಿಸಲು ಹೇಳಿದ. ಬೇರೆಯವರು ಹೇಳಿದ್ದರೆ ವ್ಯಾಪಾರ ಅಂದುಕೊಳ್ಳುತ್ತಿದ್ದೆ. ಸುಳ್ಳು ಸಿಕ್ಕಿಬಿದ್ದ ಮೇಲೆ ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ಈಗ ಅನ್ನಿಸುತ್ತಿದೆ, ಸುಳ್ಳು ಅವನಿಗೆ ಹೇಳಿದ್ದಲ್ಲ. ಎರಡು ತಿಂಗಳು ಗೊತ್ತಿದ್ದೂ ಸುಮ್ಮನಿದ್ದೆ ಅಂತ ಒಪ್ಪಿಕೊಂಡರೆ ಕ್ಲಿಪ್ಪು ಸಿಕ್ಕಿಸುವಾಗಿನ ನನ್ನ ಜಾಣತನವೆಲ್ಲ ಪೆದ್ದುತನ ಆಗಿಬಿಡುತ್ತದಲ್ಲ. ಅಪ್ಪ ಇದ್ದಾಗ ರಾತ್ರಿ ಮಲಗುವ ಮುಂಚೆ ಇಸ್ತ್ರಿಪೆಟ್ಟಿಗೆ, ಮಿಕ್ಸಿ ಎಲ್ಲದರ ಪ್ಲಗ್ಗನ್ನೂ ಅಂಗೈಯಲ್ಲಿ ಮುಟ್ಟಿ ನೋಡುತ್ತಿದ್ದರು. ಪುಕ್ಕಲು ಅಂತ ನಾವು ನಗುತ್ತಿದ್ದೆವು.

ನಿನ್ನೆ ಸಂಜೆ ಹೊಸ ಪಿನ್ ಮುಟ್ಟಿ ನೋಡುತ್ತಿದ್ದೆ, ತಣ್ಣಗಿತ್ತು. ಅಮ್ಮ ಕಾಫಿ ಹಿಡಿದು ಬಂದಳು. ಕೈ ಮತ್ತೆ ಗೋಡೆಯ ಮೇಲೆ, ಎಡಗಾಲು ಊರುತ್ತಲೇ ಇಲ್ಲ.

"ಅಮ್ಮ, ಮಂಡಿ ನೋವು ಯಾವಾಗಿಂದ?"

"ಅಯ್ಯೋ, ಮೊನ್ನೆಯಿಂದ ಕಣೇ."

ನಾಳೆ ಹನ್ನೊಂದಕ್ಕೆ ಮೂಳೆ ಡಾಕ್ಟರ ಹತ್ತಿರ ಟೈಮ್ ತಗೊಂಡಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ.