ಭಾವನ ಟಾರ್ಚು, ಮಿಥುನದ ಉಲ್ಕೆ

ಮೈಸೂರಿನ ದೀಪಗಳು ಪಾಂಡವಪುರದವರೆಗೂ ಬರುತ್ತವೆಂದು ನನಗೆ ಗೊತ್ತಾದದ್ದು ಕ್ಯಾಮೆರಾ ಇಟ್ಟ ಮೇಲೆ. ಕಣ್ಣಿಗೆ ಕಪ್ಪಗಿದ್ದ ದಕ್ಷಿಣದ ಆಕಾಶ ಫೋಟೊದಲ್ಲಿ ಹಳೆಯ ಬೆಲ್ಲದ ಬಣ್ಣಕ್ಕೆ ತಿರುಗಿತ್ತು.

2023ರ ಡಿಸೆಂಬರ್ 14ರ ರಾತ್ರಿ. ಅಮಾವಾಸ್ಯೆ ಕಳೆದು ಎರಡು ದಿನವಾಗಿದ್ದರಿಂದ ಚಂದ್ರ ಬೇಗನೆ ಮುಳುಗಿದ್ದ. ಆಗಸ್ಟಿನ ಪರ್ಸಿಯಿಡ್ ಉಲ್ಕೆಗಳನ್ನು ನಮ್ಮ ಕಡೆ ಹೆಚ್ಚಾಗಿ ಮಳೆಗಾಲದ ಮೋಡವೇ ನುಂಗುತ್ತದೆ. ನಮಗೆ ದಕ್ಕುವುದು ಡಿಸೆಂಬರಿನ ಜೆಮಿನಿಡ್. ಅಕ್ಕನ ಮನೆಯವರ ಕಬ್ಬಿನ ಗದ್ದೆಯ ಬದುವಿನಲ್ಲಿ ಟ್ರೈಪಾಡ್ ಊರಿ, ಕಂಬಳಿ ಹೊದ್ದು ಕುಳಿತೆ. 14 ಮಿ.ಮೀ. ಲೆನ್ಸ್, ಐಎಸ್‌ಒ 3200, ಫ್ರೇಮಿಗೆ 20 ಸೆಕೆಂಡು.

ಮೊದಲ ಗಂಟೆ ನನ್ನ ದಡ್ಡತನಕ್ಕೆ ಹೋಯಿತು. ಉಲ್ಕೆಗಳು ಮಿಥುನ ರಾಶಿಯಿಂದ ಹೊರಟಂತೆ ಕಾಣುತ್ತವಲ್ಲ, ಪುನರ್ವಸುವಿನ ಜೋಡಿ ತಾರೆಗಳಿಗೇ ಗುರಿಯಿಟ್ಟಿದ್ದೆ. ಅಲ್ಲಿ ಅವು ಹೆಚ್ಚುಕಡಿಮೆ ನಮ್ಮತ್ತಲೇ ಬರುವುದರಿಂದ ಗೆರೆ ಉಗುರಿನಷ್ಟು ಗಿಡ್ಡ. ಹನ್ನೆರಡಕ್ಕೆ ಕ್ಯಾಮೆರಾವನ್ನು ಕುಂತಿಬೆಟ್ಟದ ಕಡೆಗೆ ತಿರುಗಿಸಿದೆ. ಅಷ್ಟರಲ್ಲಿ ಲೆನ್ಸಿನ ಮೇಲೆ ಇಬ್ಬನಿ. ಒರೆಸುವುದು, ಫೋಕಸ್ ಕದಲುವುದು, ಮತ್ತೆ ಸರಿಪಡಿಸುವುದು.

ಒಂದು ಗಂಟೆಗೆ ತ್ರೀ ಫೇಸ್ ಕರೆಂಟು ಬಂತು. ಪಂಪ್‌ಸೆಟ್ ಹಾಕಲು ಬಂದ ಭಾವ, ಟಾರ್ಚನ್ನು ನೇರ ನನ್ನ ಫ್ರೇಮಿನೊಳಕ್ಕೇ ಬಿಟ್ಟರು.

"ಇದನ್ನು ನೋಡುವುದಕ್ಕೆ ರಜೆ ಹಾಕಿದೆಯಾ? ನೀರು ಹಾಯಿಸುವ ರಾತ್ರಿಯೆಲ್ಲ ನಾನು ನೋಡುತ್ತಲೇ ಇರುತ್ತೇನೆ."

ಇವು ಬಿಡಿ ಉಲ್ಕೆಗಳಲ್ಲ, 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹ ತನ್ನ ದಾರಿಯಲ್ಲಿ ಚೆಲ್ಲಿದ ಪುಡಿ, ಬೇರೆ ಉಲ್ಕಾಪಾತಗಳು ಬಹುತೇಕ ಧೂಮಕೇತುಗಳಿಂದ ಬರುತ್ತವೆ ಎಂದೆಲ್ಲ ವಿವರಿಸಿದೆ. ಸೆಕೆಂಡಿಗೆ 35 ಕಿಲೊಮೀಟರ್ ವೇಗದಲ್ಲಿ ವಾತಾವರಣಕ್ಕೆ ನುಗ್ಗುತ್ತವೆ ಎಂದಾಗ ಭಾವ, "ಮರಳಿನಷ್ಟು ಕಾಳಿಗೆ ಇಷ್ಟು ಬೆಳಕೇ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ, "ಅಗೋ!" ಎಂದರು.

ಕಬ್ಬಿನ ಗರಿಗಳ ಮೇಲೆ ಒಮ್ಮೆ ಬೆಳಕು ಹರಿದದ್ದನ್ನಷ್ಟೇ ನಾನು ಕಂಡೆ. ತಿರುಗುವಷ್ಟರಲ್ಲಿ ಮುಗಿದಿತ್ತು. ಬಿದ್ದದ್ದು ದಕ್ಷಿಣಕ್ಕೆ, ಆ ಬೆಲ್ಲದ ಬಣ್ಣದ ಆಕಾಶದಲ್ಲೇ. ಕ್ಯಾಮೆರಾ ಅದಕ್ಕೆ ಬೆನ್ನು ಹಾಕಿ ನಿಂತಿತ್ತು.

ಮೂರಕ್ಕೆ ಬ್ಯಾಟರಿ ಸತ್ತಿತು. ಮರುದಿನ ಆರುನೂರಕ್ಕೂ ಹೆಚ್ಚು ಫ್ರೇಮುಗಳನ್ನು ಒಂದೊಂದಾಗಿ ನೋಡಿದೆ. ಹದಿನಾಲ್ಕು ಗೆರೆ ಸಿಕ್ಕವು ಎಂದು ಹಿಗ್ಗಿದ್ದೆ. ಅವುಗಳಲ್ಲಿ ಮೂರು, ಪಕ್ಕದ ಫ್ರೇಮಿನಲ್ಲೂ ಮುಂದುವರಿದಿದ್ದವು. ವಿಮಾನಗಳು. ಉಳಿದದ್ದು ಹನ್ನೊಂದು.

ಅಕ್ಕನಿಗೆ ಎಲ್ಲವನ್ನೂ ಕಳುಹಿಸಿದೆ. ಅವಳು ಮೊಬೈಲಿನಲ್ಲಿ ಇಟ್ಟುಕೊಂಡಿರುವುದು ಕೆಟ್ಟುಹೋದ ಆ ಒಂದನ್ನು: ಟಾರ್ಚಿನ ಬೆಳಕು ಬಿದ್ದ ತೆಂಗಿನ ಮರ, ಪಕ್ಕದಲ್ಲಿ ಭಾವನ ಅರ್ಧ ಲುಂಗಿ.